ಅಷ್ಟಮಿಗೆ ಬರುವ ಸಿಸ್ಟರ್‌ಗಳು: ನರ್ಸಿಂಗ್ ಕಾಲೇಜಿನ ಮನೆಭೇಟಿಗೆ ನನ್ನ ಮೂರೂವರೆ ಸ್ಟಾರ್

ನಮ್ಮೂರು ಕುಮಟಾ ತಾಲೂಕಿನಲ್ಲಿ. ಅಘನಾಶಿನಿ ಸಮುದ್ರ ಸೇರುವ ಮುಂಚೆ ಅಗಲವಾಗಿ ಹರಡಿಕೊಳ್ಳುತ್ತದಲ್ಲ, ಆ ದಡದಲ್ಲಿ ನನ್ನದೊಂದು ಸಣ್ಣ ಕಿರಾಣಿ ಅಂಗಡಿ. ಒಂದೂವರೆ ವರ್ಷದಿಂದ ಒಂದು ನರ್ಸಿಂಗ್ ಕಾಲೇಜಿನ ಮಕ್ಕಳು ಇಲ್ಲಿ ಮನೆಮನೆಗೆ ಬಂದು ಬಿಪಿ, ಶುಗರ್, ರಕ್ತ, ಕೊನೆಗೆ ಬಾವಿ ನೀರನ್ನೂ ನೋಡುತ್ತಿದ್ದಾರೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಕಾಲೇಜು, ನಮ್ಮ ಹೆಂಗಸರ ಸಂಘ, ಪಂಚಾಯ್ತಿ ಮೂರೂ ಸೇರಿ ಮಾಡಿಕೊಂಡ ವ್ಯವಸ್ಥೆ. ಮೊನ್ನೆ ಪಕ್ಕದೂರಿನವರು ಅಂಗಡಿಗೆ ಬಂದಾಗ "ನಮ್ಮಲ್ಲಿಗೂ ಬರ್ತೇವೆ ಅಂದಿದ್ದಾರೆ, ಹೂಂ ಅನ್ನಬಹುದಾ?" ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರು ಬೇಡ, ಬೈಯುವುದೂ ಇದೆ.

ಬೈಯುವುದರಿಂದಲೇ ಶುರು ಮಾಡುತ್ತೇನೆ. ಮೊದಲ ಸಲ ಬಂದಾಗ ಶಾಲೆಯಲ್ಲಿ ಕ್ಯಾಂಪ್ ಇಟ್ಟಿದ್ದರು. ಅವತ್ತು ಮಂಗಳವಾರ. ಬ್ಯಾನರ್ ಶಾಲೆಯ ಗೋಡೆಗಿಂತ ಉದ್ದ. ಸ್ವಾಗತ, ದೀಪ, ಭಾಷಣ, ಬಾಳೆಹಣ್ಣು, ಫೋಟೋ ಎಲ್ಲ ಆಯಿತು. ಬಂದವರು ಹದಿನೈದು ಜನ ಇರಬಹುದು, ಅದರಲ್ಲೂ ಜಾಸ್ತಿ ನಮ್ಮಂಥ ಗಂಡಸರು ಮತ್ತು ಚಾ ಸಿಗುತ್ತದೆ ಅಂತ ಬಂದ ಮುದುಕರು. ಯಾರಿಗೆ ನಿಜವಾಗಿ ತಪಾಸಣೆ ಬೇಕಿತ್ತೋ ಆ ಹೆಂಗಸರೆಲ್ಲ ಹೊಳೆಯಲ್ಲಿದ್ದರು. ಅವತ್ತು ಅಮಾವಾಸ್ಯೆಯ ಮಾರನೇ ದಿನ, ನೀರು ಚೆನ್ನಾಗಿ ಇಳಿದಿತ್ತು, ಬೆಳಚು (ಹೊಳೆಯ ಚಿಪ್ಪುಮೀನು) ಆರಿಸಲು ಅದಕ್ಕಿಂತ ಒಳ್ಳೇ ದಿನ ಇಲ್ಲ. ಕಾಲೇಜಿನ ಮೇಡಂ ಒಬ್ಬರು ನನ್ನ ಹತ್ತಿರ "ಊರಿನವರಿಗೆ ಆರೋಗ್ಯದ ಬಗ್ಗೆ ಆಸಕ್ತಿ ಕಡಿಮೆ ಅನ್ಸುತ್ತೆ" ಅಂದರು. ನನಗೆ ಸಿಟ್ಟು ಬಂತು, ಆದರೆ ಅಂಗಡಿಯವನು ನೋಡಿ, ಸುಮ್ನೆ ನಕ್ಕೆ.

ಬಾಯಿ ಬಿಟ್ಟು ಹೇಳಿದ್ದು ನಮ್ಮ ಆಶಾ ಕಾರ್ಯಕರ್ತೆ. "ಮೇಡಂ, ಆಸಕ್ತಿ ಇದೆ, ಇಳಿತವೂ ಇದೆ" ಅಂದರು.

ಹೊಳೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನೀರು ಇಳಿಯುವ ಹೊತ್ತು ದಿನದಿಂದ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಒಂಬತ್ತಕ್ಕಾದರೆ ನಾಳೆ ಹತ್ತರ ಹತ್ತಿರ. ಹುಣ್ಣಿಮೆ, ಅಮಾವಾಸ್ಯೆ ಸುತ್ತಮುತ್ತ ನೀರು ತುಂಬಾ ಏರುತ್ತದೆ, ತುಂಬಾ ಇಳಿಯುತ್ತದೆ. ಅಷ್ಟಮಿ, ನವಮಿಗೆ ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ, ಬೆಳಚಿನ ಜಾಗ ಸರಿಯಾಗಿ ಬಿಟ್ಟುಕೊಡುವುದೇ ಇಲ್ಲ. ಅಂದರೆ ಹೆಂಗಸರು ಮನೆಯಲ್ಲಿ ಸಿಗುವ ದಿನ ಪಂಚಾಂಗದಲ್ಲೇ ಬರೆದಿದೆ. ಆದರೆ ಕಾಲೇಜಿನ ಟೈಮ್‌ಟೇಬಲ್‌ನಲ್ಲಿ ತಿಥಿ ಇರಲ್ಲ ಅಲ್ವಾ! ಇದನ್ನು ಒಪ್ಪಿಸಲು ಸಂಘದವರಿಗೆ ಎರಡು ತಿಂಗಳು ಹಿಡಿಯಿತು. ಒಪ್ಪಿದ ಮೇಲೆ ಮಾತ್ರ ಕೆಲಸ ಬೇರೆಯೇ ಆಯಿತು, ಅಷ್ಟಮಿ ಬಂದರೆ "ಇವತ್ತು ಸಿಸ್ಟರ್ ಬರ್ತಾರೆ" ಅನ್ನುವ ಮಟ್ಟಿಗೆ.

ಈಗ ಅವರು ಮನೆಯಲ್ಲಿ ಏನು ಮಾಡುತ್ತಾರೆ ಅಂತ. ಇಬ್ಬಿಬ್ಬರಾಗಿ ಬರುತ್ತಾರೆ. ಕೈಯಲ್ಲೊಂದು ಚೀಲ. ಜಗುಲಿಯ ಮೇಲೆ ಮೊದಲು ಪೇಪರ್ ಹಾಸುತ್ತಾರೆ, ಅದರ ಮೇಲೆ ಚೀಲ ಇಡುತ್ತಾರೆ, ನೀರು ಸೋಪು ಕೇಳಿ ಕೈ ತೊಳೆಯುತ್ತಾರೆ, ಆಮೇಲೇ ಚೀಲ ತೆರೆಯುವುದು. ನಮ್ಮ ಆಯಿಗೆ ಈ ಶಾಸ್ತ್ರ ನೋಡಿ ಬಹಳ ಖುಷಿ, "ಪೂಜೆಗೆ ಕೂತಾಂಗೆ ಕೂರ್ತಾವೆ ಹುಡ್ಗೀರು" ಅನ್ನುತ್ತಾಳೆ. ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಿಸುತ್ತಾರೆ, ಈಗಷ್ಟೇ ಚಾ ಕುಡಿದಿದ್ದರೆ ಅರ್ಧ ಗಂಟೆ ಬಿಟ್ಟು ನೋಡುತ್ತಾರೆ, ಮಾತಾಡಬೇಡಿ ಅನ್ನುತ್ತಾರೆ (ಆಯಿಗೆ ಅದೇ ಕಷ್ಟ). ಶಾಲೆಯ ಕ್ಯಾಂಪಿನಲ್ಲಿ ಆಯಿಯ ಬಿಪಿಯ ಮೇಲಿನ ಅಂಕಿ 168 ಇತ್ತು, ಬಿಸಿಲಲ್ಲಿ ನಡೆದು ಬಂದು ಸಾಲಿನಲ್ಲಿ ನಿಂತು ನೋಡಿಸಿಕೊಂಡಿದ್ದು. ಮನೆಯಲ್ಲಿ ಮೂರು ಸಲ ಬೇರೆ ಬೇರೆ ದಿನ ನೋಡಿದಾಗ 150 ಆಸುಪಾಸು. ಕಡಿಮೆ ಏನಲ್ಲ, 140/90 ದಾಟಿದರೆ ಬಿಪಿ ಅಂತಲೇ ಲೆಕ್ಕ. ಚೀಟಿ ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿದರು, ಅಲ್ಲಿ ಡಾಕ್ಟರು ಮಾತ್ರೆ ಶುರು ಮಾಡಿದರು. ನನಗೆ ಹಿಡಿಸಿದ್ದು ಇದು: ಮಕ್ಕಳು ತಾವೇ ಡಾಕ್ಟರಾಗಲು ಹೋಗಲಿಲ್ಲ.

ಉಪ್ಪಿನ ಕಥೆ ಹೇಳಲೇಬೇಕು, ಯಾಕೆಂದರೆ ಅದರಲ್ಲಿ ನಾನೂ ಸಿಕ್ಕಿಬಿದ್ದೆ. ಒಂದಿನ ಇಬ್ಬರು ಹುಡುಗಿಯರು ಅಂಗಡಿಗೆ ಬಂದು "ಅಣ್ಣ, ಒಂದು ಮನೆಗೆ ತಿಂಗಳಿಗೆ ಎಷ್ಟು ಉಪ್ಪು ಹೋಗುತ್ತೆ?" ಅಂದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅಂತ, ಅಂದಾಜು ಒಂದು ಚಿಕ್ಕ ಚಮಚ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ. ನಾನು ಉದ್ರಿ ಪುಸ್ತಕ ತೆಗೆದು ನೋಡಿದೆ. ಅಂಥ ಮನೆಗಳಿಗೇ ಎರಡು ಕೆಜಿ ಹೋಗಿದೆ! ಸರಿ, ಎಲ್ಲ ಹೊಟ್ಟೆಗೇ ಹೋಗಲ್ಲ, ಮೀನು ಒಣಗಿಸಲು, ಮಾವಿನಮಿಡಿ ಹಾಕಲು ಬೇಕು. ಆದರೆ ಆ ಒಣಮೀನು, ಆ ಮಿಡಿ ಕೊನೆಗೆ ಹೋಗುವುದು ಎಲ್ಲಿಗೆ? ಮಳೆಗಾಲದ ಮೂರು ತಿಂಗಳು ಗಂಜಿ ಜೊತೆ ನಮಗೆ ಅದೇ ಅಲ್ವಾ. ಸಾಣಿಕಟ್ಟೆಯ ಉಪ್ಪಿನ ಆಗರ ಇಲ್ಲೇ ಹತ್ತಿರ ಇರುವ ಊರಲ್ಲಿ ಉಪ್ಪು ಕಡಿಮೆ ಮಾಡಿ ಅನ್ನುವುದಕ್ಕೂ ಧೈರ್ಯ ಬೇಕು. ಆಯಿ ನೇರವಾಗಿ ಕೇಳಿದಳು, "ತಂಗಿ, ಉಪ್ಪಿಲ್ದೆ ಗಂಜಿ ಹ್ಯಾಂಗೆ ಉಣ್ಣೂದು?" ಆ ಹುಡುಗಿ ಭಾಷಣ ಮಾಡಲಿಲ್ಲ. ಒಣಮೀನನ್ನು ಎರಡು ನೀರಲ್ಲಿ ತೊಳೆದು ನೆನೆಹಾಕಿ ಆಮೇಲೆ ಸುಡಿ, ಮಿಡಿ ತಿನ್ನುವ ದಿನ ಗಂಜಿಗೆ ಬೇರೆ ಉಪ್ಪು ಹಾಕಬೇಡಿ ಅಂದಳು. ಇದನ್ನು ಆಯಿ ಒಪ್ಪಿಕೊಂಡಿದ್ದಾಳೆ. ಅರ್ಧ ಒಪ್ಪಿಕೊಂಡಿದ್ದಾಳೆ ಅನ್ನೋಣ.

ಹೆಂಗಸರಲ್ಲಿ ಜಾಸ್ತಿ ಸಿಕ್ಕಿದ್ದು ರಕ್ತಹೀನತೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಹೆಂಗಸರಿಗೆ ರಕ್ತ ಕಡಿಮೆ ಅಂತ ಲೆಕ್ಕ, ಗರ್ಭಿಣಿಯರಿಗೆ 11. ನಮ್ಮ ಪಕ್ಕದ ಮನೆ ಅಕ್ಕನಿಗೆ ಒಂಬತ್ತೂ ಇರಲಿಲ್ಲ, ಆದರೂ ದಿನಾ ಸೊಂಟದ ತನಕ ನೀರಲ್ಲಿ ನಿಂತು ಬೆಳಚು ಆರಿಸುತ್ತಿದ್ದಳು. ಕಬ್ಬಿಣದ ಮಾತ್ರೆ ಮೊದಲೂ ಕೊಟ್ಟಿದ್ದರಂತೆ, ತಿಂದರೂ ಏರುತ್ತಿರಲಿಲ್ಲ. ಮಕ್ಕಳು ಕೂತು ಕೇಳಿದಾಗ ಗೊತ್ತಾಗಿದ್ದು, ಮಾತ್ರೆಯನ್ನು ಚಾ ಜೊತೆ ನುಂಗುತ್ತಿದ್ದಳು. ಚಾ ಕಬ್ಬಿಣವನ್ನು ದೇಹಕ್ಕೆ ಹತ್ತಗೊಡುವುದಿಲ್ಲ. ಈಗ ಲಿಂಬೆ ಶರಬತ್ತಿನ ಜೊತೆ ತೆಗೆದುಕೊಳ್ಳುತ್ತಾಳೆ, ಚಾ ಬೇರೆ ಹೊತ್ತಿಗೆ. ಚಿಪ್ಪು ತಾಗಿ ಕಾಲು ಕೊಯ್ದುಕೊಂಡವರಿಗೂ ಅಷ್ಟೇ, ಗಾಯ ತೊಳೆದು ಧನುರ್ವಾಯು ತಡೆಯುವ ಸೂಜಿ ಹಾಕಿಸಿಕೊಳ್ಳಿ, ಮಳೆಗಾಲದಲ್ಲಿ ಒಡೆದ ಕಾಲಲ್ಲಿ ಗದ್ದೆ ನೀರಿಗೆ ಇಳಿದವರಿಗೆ ಜ್ವರ ಬಂದರೆ ಇಲಿ ಜ್ವರ ಇರಬಹುದು, ಮನೆಮದ್ದು ಮಾಡುತ್ತಾ ಕೂರಬೇಡಿ ಅಂತ ಹೇಳಿ ಹೋಗುತ್ತಾರೆ.

ಬಾವಿ ಕೆಲಸವೂ ಚೆನ್ನಾಗಿತ್ತು. ಮೊದಲೆಲ್ಲ ನಾವು ಬ್ಲೀಚಿಂಗ್ ಪೌಡರ್ ಅಂದರೆ ಮುಷ್ಟಿಯಲ್ಲಿ ತೆಗೆದು ಎಸೆಯುವುದು, ಆಮೇಲೆ ನಾಲ್ಕು ದಿನ ಆ ವಾಸನೆಗೆ ಯಾರೂ ನೀರು ಮುಟ್ಟುತ್ತಿರಲಿಲ್ಲ. ಇವರು ಹಗ್ಗ ಇಳಿಸಿ ಅಳತೆ ಮಾಡಿದರು. ನಮ್ಮ ಬಾವಿ ಎರಡು ಮೀಟರ್ ಅಗಲ, ಅವತ್ತು ಮೂರು ಮೀಟರ್ ನೀರು, ಲೆಕ್ಕ ಹಾಕಿದರೆ ಸುಮಾರು 9,400 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಪೌಡರ್, ಅಂದರೆ ಒಟ್ಟು 24 ಗ್ರಾಂ ಕೂಡ ಬೇಡ. ತೂಗಿದ್ದು ನನ್ನ ಅಂಗಡಿಯ ತಕ್ಕಡಿಯಲ್ಲೇ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಬಾವಿಗೆ ಬಿಟ್ಟು, ಒಂದು ಗಂಟೆ ಯಾರೂ ಸೇದಬೇಡಿ ಅಂದರು.

ಮಾತಿನ ತೊಂದರೆ ಸ್ವಲ್ಪ ಇದೆ. ಕೇರಳದ ಹುಡುಗಿಯೊಬ್ಬಳು ಬುಟ್ಟಿಯಲ್ಲಿದ್ದ ಬೆಳಚು ನೋಡಿ ಖುಷಿಯಲ್ಲಿ "ಅಯ್ಯೋ ಕಕ್ಕ! ನಮ್ಮಲ್ಲಿ ಕಕ್ಕ ತುಂಬಾ ತಿಂತಾರೆ!" ಅಂದಳು. ಮಲಯಾಳದಲ್ಲಿ ಬೆಳಚಿಗೆ ಕಕ್ಕ ಅಂತಾರಂತೆ. ಕನ್ನಡದಲ್ಲಿ ಏನಂತ ಅವಳಿಗೆ ಬಿಡಿಸಿ ಹೇಳುವಷ್ಟರಲ್ಲಿ ಹೆಂಗಸರೆಲ್ಲ ನಕ್ಕು ನಕ್ಕು ಸುಸ್ತು. ಅವತ್ತಿಂದ ಆ ಹುಡುಗಿಗೆ ಎಲ್ಲ ಮನೆಯಲ್ಲೂ ಚಾ.

ಹಾಗಾದರೆ ಒಂದೂವರೆ ಸ್ಟಾರ್ ಯಾಕೆ ಹೋಯಿತು? ಆ ಹುಡುಗಿ ಈಗ ಬರುವುದಿಲ್ಲ, ಅದಕ್ಕೆ. ಪೋಸ್ಟಿಂಗ್ ಮುಗಿಯಿತು, ಹೊಸ ಬ್ಯಾಚ್ ಬಂತು. ಹೊಸಬರು ಮತ್ತೆ ಮನೆಯಲ್ಲಿ ಎಷ್ಟು ಜನ, ಕಕ್ಕಸು ಇದೆಯಾ, ಬಾವಿ ಇದೆಯಾ ಅಂತ ಮೊದಲಿಂದ ಕೇಳುತ್ತಾರೆ. ಹೋದ ವರ್ಷ ಬರೆದುಕೊಂಡ ಫೈಲ್ ಎಲ್ಲಿ ಅಂದರೆ, ಕಾಲೇಜಿನಲ್ಲಿದೆ, ಮಾರ್ಕ್ಸ್‌ಗೆ ಕೊಟ್ಟಿದ್ದು. ನಮ್ಮ ಬಿಪಿ, ಅವರ ಮಾರ್ಕ್ಸ್! ಆರೋಗ್ಯ ಕೇಂದ್ರದ ಡಾಕ್ಟರ ಕೈಗೆ ಆ ಫೈಲ್ ಹೋಗಿಯೇ ಇಲ್ಲ. ಎಂಬಿಬಿಎಸ್ ಮಕ್ಕಳಿಗೆ ಈಗ ಪಾಠದಲ್ಲೇ ಕುಟುಂಬ ದತ್ತು ಅಂತ ಇದೆ, ಮೊದಲ ವರ್ಷ ಹಿಡಿದ ಮನೆಗಳನ್ನೇ ಮುಂದಿನ ವರ್ಷಗಳಲ್ಲೂ ನೋಡಿಕೊಳ್ಳಬೇಕು. ನರ್ಸಿಂಗ್‌ನಲ್ಲೂ ಹಾಗೆ ಏನಾದರೂ ಮಾಡಿಕೊಳ್ಳಲು ಏನು ಅಡ್ಡಿ? ಪರೀಕ್ಷೆ ಬಂದರೆ ಎರಡು ತಿಂಗಳು ಯಾರೂ ಇಲ್ಲ, ಇದು ಇನ್ನೊಂದು. ಶುಗರ್ ಇರುವವರು ಪರೀಕ್ಷೆ ಮುಗಿಯುವ ತನಕ ಕಾಯಲು ಆಗುತ್ತದಾ?

ಇದೆಲ್ಲ ಇದ್ದರೆ ದೊಡ್ಡ ಆಸ್ಪತ್ರೆ ಬೇಡ ಅಂತ ಯಾರಾದರೂ ತಿಳಿದರೆ ಅದೂ ತಪ್ಪು. ಎದೆನೋವು ಬಂದರೆ ನಾವು ಇವತ್ತೂ ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾ ದಾರಿ ಹಿಡಿಯುವವರೇ. 2022ರ ಜುಲೈನಲ್ಲಿ ಬೈಂದೂರಿನ ಕಡೆಯ ಶಿರೂರು ಟೋಲ್ ಹತ್ತಿರ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಪಲ್ಟಿಯಾದ ಮೇಲೆ ಇಡೀ ಉತ್ತರ ಕನ್ನಡ ಜಿಲ್ಲೆ ನಮ್ಮಲ್ಲೇ ದೊಡ್ಡ ಆಸ್ಪತ್ರೆ ಬೇಕು ಅಂತ ಕೂಗಿದ್ದು ಯಾರೂ ಮರೆತಿಲ್ಲ. ಜಗುಲಿಯಲ್ಲಿ ಬಿಪಿ ನೋಡುವುದು ಆ ದಾರಿ ಹಿಡಿಯುವ ದಿನವನ್ನು ಸ್ವಲ್ಪ ಮುಂದೆ ಹಾಕಬಹುದು, ಅಷ್ಟೇ.

ಪಕ್ಕದೂರಿನವರಿಗೆ ಹೇಳಿದ್ದು ಇಷ್ಟು. ಹೂಂ ಅನ್ನಿ. ಆದರೆ ದಿನ ನೀವು ಹೇಳಿ, ಪಂಚಾಂಗ ಎದುರಿಗಿಟ್ಟುಕೊಂಡು ಹೇಳಿ. ಉದ್ಘಾಟನೆ, ಬ್ಯಾನರ್ ಬೇಡ ಅನ್ನಿ. ಮನೆಗೊಂದು ನೋಟ್‌ಬುಕ್ ಇಡಿ, ಅವರು ನೋಡಿದ್ದನ್ನೆಲ್ಲ ಅದರಲ್ಲಿ ಬರೆಸಿಕೊಳ್ಳಿ, ಆರೋಗ್ಯ ಕೇಂದ್ರಕ್ಕೆ ಹೋಗುವಾಗ ಅದನ್ನೇ ಹಿಡಿದುಕೊಂಡು ಹೋಗಿ. ನಾವು ಇದನ್ನು ಮಾಡಿದ್ದು ಒಂದು ವರ್ಷ ಕಳೆದ ಮೇಲೆ. ನಲವತ್ತು ಪುಟದ ಪುಸ್ತಕ ನನ್ನ ಅಂಗಡಿಯಿಂದಲೇ ಹೋಗುತ್ತಿದೆ, ಇದಕ್ಕೆ ಮಾತ್ರ ಉದ್ರಿ ಬರೆಯುವುದಿಲ್ಲ. ಆಯಿಯ ಪುಸ್ತಕ ದೇವರ ಗೂಡಿನಲ್ಲಿದೆ. ಕಳೆದ ಅಷ್ಟಮಿಗೆ 138 ಅಂತ ಬರೆದಿದ್ದಾರೆ. ಗುರುವಾರ ಮತ್ತೆ ಅಷ್ಟಮಿ, ಹೊಸ ಹುಡುಗಿಯರು ಬರುವ ಮೊದಲು ಮನೆಯ ಒಣಮೀನಿನ ಡಬ್ಬಿಯನ್ನು ಅಟ್ಟಕ್ಕೆ ಹಾಕು ಅಂತ ಆಯಿ ಬೆಳಿಗ್ಗೆಯಿಂದ ಎರಡು ಸಲ ಹೇಳಿದಳು.