5 ಲೀಟರಿನ ಹೊರಮುಚ್ಚಳದ ಕುಕ್ಕರ್: ಎಣಿಸಬೇಕಾದ್ದು ಕೂಗಲ್ಲ, ನಿಮಿಷ

ಮನೆಗೆ ಒಂದೇ ಕುಕ್ಕರ್ ಸಾಕು ಅನ್ನುವವರಿಗೆ 5 ಲೀಟರಿನ ಹೊರಮುಚ್ಚಳದ ಅಲ್ಯುಮಿನಿಯಂ ಕುಕ್ಕರೇ ಈಗಲೂ ಒಳ್ಳೆಯ ಆಯ್ಕೆ. ಕೆಳಗೆ ಬೇಳೆ, ಮೇಲೆ ಅಕ್ಕಿ ಇಟ್ಟು ಒಂದೇ ಉರಿಯಲ್ಲಿ ಎರಡನ್ನೂ ಮುಗಿಸುವ ನಮ್ಮ ಅಡುಗೆಗೆ ಅದರ ಅಗಲ ಬಾಯಿ ಹೇಳಿ ಮಾಡಿಸಿದ ಹಾಗಿದೆ. ಆದರೆ ವರ್ಷಗಟ್ಟಲೆ ಬಳಸಿದವರಿಗೂ ಇದರ ಕೆಲವು ಸಂಗತಿ ಗೊತ್ತಿರುವುದಿಲ್ಲ. ಬೇಳೆ ಬೇಯಲಿಲ್ಲ, ಪಕ್ಕದಿಂದ ಆವಿ ಬರುತ್ತಿದೆ, ತಳ ಕಪ್ಪಾಯಿತು ಎನ್ನುವ ದೂರುಗಳು ಬಹುಪಾಲು ಅಲ್ಲಿಂದಲೇ ಹುಟ್ಟುತ್ತವೆ.

ಮೊದಲು ಅಳತೆ. 5 ಲೀಟರ್ ಅಂದರೆ ಕಂಠದ ತನಕ ತುಂಬಿದರೆ ಹಿಡಿಯುವಷ್ಟು. ತುಂಬಬಹುದಾದ್ದು ಮೂರರಲ್ಲಿ ಎರಡು ಪಾಲು, ಹೆಚ್ಚುಕಡಿಮೆ 3.3 ಲೀಟರ್. ನೊರೆ ಬರುವ ಬೇಳೆಕಾಳಿಗಾದರೆ ಅರ್ಧ ಮಾತ್ರ. ನಾಲ್ಕು ಜನರ ಮನೆಗೆ 3 ಲೀಟರಿನದು ಸಾಲದೇ ಹೋಗುವುದು ಇದಕ್ಕೇ.

ಇನ್ನು ಕೂಗಿನ ವಿಷಯ. 'ಮೂರು ಕೂಗು ಕೂಗಿಸಿ' ಅನ್ನುವುದು ನಮ್ಮ ಅಡುಗೆಮನೆಯ ಮಂತ್ರವೇ ಆಗಿಬಿಟ್ಟಿದೆ. ಕೂಗು ಅಂದರೆ ಹೆಚ್ಚಾದ ಆವಿಯನ್ನು ವೆಯ್ಟ್ ಹೊರಗೆ ಬಿಡುವ ಸದ್ದು, ಅಷ್ಟೇ. ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಮುಟ್ಟಿದಾಗ ವೆಯ್ಟ್ ಮೇಲೇಳುತ್ತದೆ. ಆಗ ಒಳಗಿನ ಶಾಖ 120 ಡಿಗ್ರಿಯ ಆಸುಪಾಸು. ತೆರೆದ ಪಾತ್ರೆಯಲ್ಲಿ ಮಂಗಳೂರಿನ ನೀರು 100 ಡಿಗ್ರಿಗೆ ಕುದಿದರೆ, 900 ಮೀಟರಿಗಿಂತ ಎತ್ತರದ ಬೆಂಗಳೂರಿನಲ್ಲಿ 97ಕ್ಕೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಘಟ್ಟದ ಮೇಲಿನವರಿಗೆ ಕುಕ್ಕರಿನ ಉಪಕಾರ ಒಂದು ಕೈ ಹೆಚ್ಚೇ.

ಬೇಳೆಯನ್ನು ಬೇಯಿಸುವುದು ಆ ಶಾಖ ಎಷ್ಟು ಹೊತ್ತು ನಿಂತಿತು ಅನ್ನುವುದು. ದೊಡ್ಡ ಉರಿಯಲ್ಲಿ ಮೂರು ಕೂಗು ಎರಡು ಮೂರು ನಿಮಿಷಕ್ಕೆ ಬಂದುಹೋಗಬಹುದು, ಸಣ್ಣ ಉರಿಯಲ್ಲಿ ಹತ್ತು ನಿಮಿಷವಾದರೂ ಎರಡನೆಯದು ಬಾರದಿರಬಹುದು. ಮೊದಲ ಸಲ ಬೇಳೆ ಹಸಿ, ಎರಡನೇ ಸಲ ಗಂಜಿ. ಜೊತೆಗೆ, ಪ್ರತಿ ಕೂಗಿಗೂ ತಳದ ನೀರು ಮತ್ತು ಗ್ಯಾಸು ಎರಡೂ ಖರ್ಚು. ಹಾಗಾಗಿ ಮೊದಲ ಕೂಗು ಬಂದ ಕೂಡಲೇ ಉರಿ ಸಣ್ಣ ಮಾಡಿ ಗಡಿಯಾರ ನೋಡಿ. ವೆಯ್ಟ್ ಸಣ್ಣಗೆ ಬುಸುಗುಡುತ್ತಿದ್ದರೆ ಸಾಕು, ಒತ್ತಡ ನಿಂತಿದೆ ಅಂತಲೇ ಅರ್ಥ. ಅರ್ಧ ಗಂಟೆ ನೆನೆದ ತೊಗರಿಬೇಳೆ ನೇರವಾಗಿ ಹಾಕಿದರೆ 5–6 ನಿಮಿಷ, ಡಬ್ಬಿಯಲ್ಲಿಟ್ಟರೆ 8–10 ನಿಮಿಷ. ರಾತ್ರಿಯಿಡೀ ನೆನೆದ ಕಡಲೆಕಾಳಿಗೆ 15–20. ಆರಿಸಿದ ಮೇಲೂ ಒತ್ತಡ ತಾನಾಗಿ ಇಳಿಯುವ ಎಂಟು ಹತ್ತು ನಿಮಿಷ ಒಳಗೆ ಬೇಯುತ್ತಲೇ ಇರುತ್ತದೆ, ಅದೂ ಲೆಕ್ಕಕ್ಕೆ ಬರಬೇಕು.

ವೆಯ್ಟ್ ಯಾವಾಗ ಹಾಕಬೇಕು ಅನ್ನುವುದು ಇನ್ನೊಂದು. ಮುಚ್ಚಳ ಹಾಕಿದ ತಕ್ಷಣ ವೆಯ್ಟನ್ನೂ ಕೂರಿಸುವುದು ರೂಢಿ. ಹೊರಮುಚ್ಚಳದ ಕುಕ್ಕರಿಗೆ ಸರಿಯಾದ ಕ್ರಮ ಬೇರೆ: ತೂತಿನಿಂದ ಆವಿ ಒಂದೇ ಸಮನೆ, ನೆಟ್ಟಗೆ ಏಳುವ ತನಕ ಕಾದು ಆಮೇಲೆ ಹಾಕಬೇಕು. ಒಳಗೆ ಗಾಳಿ ಉಳಿದರೆ ಅದೇ ಒತ್ತಡದಲ್ಲೂ ಶಾಖ ಕಡಿಮೆಯಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಆವಿ ನೆಟ್ಟಗೆ ಬಂತು ಅಂದರೆ ತೂತು ಕಟ್ಟಿಲ್ಲ ಅಂತ ಕಣ್ಣಾರೆ ಕಂಡ ಹಾಗಾಯಿತು. ತೊಳೆದ ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದು ತೂತಿನೊಳಗೆ ನೋಡಿ. ಬೇಳೆಯ ಒಂದು ಸಿಪ್ಪೆ ಒಣಗಿ ಅಂಟಿಕೊಂಡಿದ್ದರೆ ಬೆಳಕಿನ ದುಂಡು ಚಂದ್ರನ ಹಾಗೆ ಒಂದು ಬದಿ ಸವೆದು ಕಾಣುತ್ತದೆ. ತೆಳು ತಂತಿ ಹಾಕಿ ತೆಗೆಯಿರಿ. ಬೇಳೆಗೆ ಅರ್ಧ ಚಮಚ ಎಣ್ಣೆ ಬಿಟ್ಟರೆ ನೊರೆ ತಗ್ಗಿ, ಈ ತೊಂದರೆಯೂ ತಗ್ಗುತ್ತದೆ.

ತೂತು ಕಟ್ಟಿದರೆ, ಇಲ್ಲವೇ ನೀರು ಪೂರ್ತಿ ಆರಿದರೆ ಕಾಪಾಡುವುದು ಸೇಫ್ಟಿ ವಾಲ್ವ್. ಅದರ ನಡುವಿನ ಮಿಶ್ರಲೋಹ ಕಡಿಮೆ ಶಾಖಕ್ಕೇ ಕರಗುವಂಥದ್ದು, ಕರಗಿ ಆವಿಗೆ ದಾರಿ ಬಿಡುತ್ತದೆ. ಒಮ್ಮೆ ಹೋದ ವಾಲ್ವಿನ ಜಾಗಕ್ಕೆ ಅದೇ ಕಂಪನಿಯ ಹೊಸದನ್ನೇ ಹಾಕಬೇಕು. ಬೋಲ್ಟು, ಎಂ-ಸೀಲ್ ಹಾಕಿ ಮುಚ್ಚುವುದು ಜೀವಕ್ಕೇ ಅಪಾಯ. ಡಬ್ಬಿಗಳಲ್ಲಿಟ್ಟು ಬೇಯಿಸುವಾಗ ತಳಕ್ಕೆ ಎರಡು ಲೋಟ ನೀರು ಇರಲೇಬೇಕು.

ಪಕ್ಕದಿಂದ ಆವಿ ಬಂದರೆ ಗ್ಯಾಸ್ಕೆಟ್ ನೋಡಿ. ಬೆರಳ ಮಧ್ಯೆ ಬಗ್ಗಿಸಿದಾಗ ಸಣ್ಣ ಬಿರುಕು ಕಂಡರೆ ಅದರ ಆಯಸ್ಸು ಮುಗಿದಿದೆ. ಬಿಗಿ ಮುಚ್ಚಿಟ್ಟರೆ ರಬ್ಬರ್ ಅಮುಕಿಕೊಂಡು ಚಪ್ಪಟೆಯಾಗುತ್ತದೆ, ವಾಸನೆಯೂ ಹಿಡಿಯುತ್ತದೆ. ತೊಳೆದು ಒರೆಸಿ, ಮುಚ್ಚಳ ಬೋರಲು ಹಾಕಿಡಿ.

ತಳ ಕಪ್ಪಾಗುವುದಕ್ಕೆ ಕಾರಣ ಕುಕ್ಕರಿನ ದೋಷವಲ್ಲ, ನೀರು. ಬೋರ್‌ವೆಲ್ ನೀರಿನ ಕ್ಷಾರ ಅಲ್ಯುಮಿನಿಯಮನ್ನು ಮಂಕು ಮಾಡುತ್ತದೆ. ಡಬ್ಬಿ ಇಡುವಾಗ ತಳದ ನೀರಿಗೆ ಗೋಲಿಯಷ್ಟು ಹುಣಸೆಹಣ್ಣೋ ಹಿಂಡಿದ ನಿಂಬೆ ಸಿಪ್ಪೆಯೋ ಹಾಕಿದರೆ ಬೆಳ್ಳಗೇ ಇರುತ್ತದೆ. ಅದೇ ಹುಣಸೆಯನ್ನು ಬೇಳೆಗೆ ಮೊದಲೇ ಹಾಕಿದರೆ ಮಾತ್ರ ಕೆಟ್ಟಿತು: ಹುಳಿ ತಾಗಿದ ಬೇಳೆ ಮೆತ್ತಗಾಗಲು ಒಲ್ಲೆನ್ನುತ್ತದೆ. ಗಡಸು ನೀರೂ ಅದನ್ನೇ ಮಾಡುತ್ತದೆ, ಹಳೇ ದಾಸ್ತಾನಿನ ಬೇಳೆಯಂತೂ ಇನ್ನೂ ಹಟಮಾರಿ. ಕುಡಿಯುವ ನೀರಲ್ಲಿ ಬೇಯಿಸಿ, ಬೆಂದ ಮೇಲೆ ಹುಳಿ ಬೆರೆಸಿ.

ಕೊರತೆಯೂ ಇದೆ. ಒಳಮುಚ್ಚಳದ ಕುಕ್ಕರಿನಲ್ಲಿ ಒತ್ತಡವೇ ಮುಚ್ಚಳವನ್ನು ಒಳಗಿನಿಂದ ಅದುಮಿ ಹಿಡಿಯುತ್ತದೆ, ಇಳಿಯುವ ತನಕ ತೆರೆಯಲು ಬಿಡುವುದಿಲ್ಲ. ಹೊರಮುಚ್ಚಳವನ್ನು ಅವಸರಕ್ಕೆ ಬಲವಂತವಾಗಿ ತಿರುಗಿಸಿದರೆ ಕುದಿಯುವ ಬೇಳೆ ಮೈಮೇಲೆ ಎರಚಬಹುದು. ಚಮಚದಿಂದ ವೆಯ್ಟನ್ನು ತುಸು ಎತ್ತಿ, ಬುಸ್ ಅನ್ನದಿದ್ದರೆ ಮಾತ್ರ ಹಿಡಿಗೆ ಕೈ ಹಾಕಿ. ಮಕ್ಕಳೂ ಒಲೆ ಮುಟ್ಟುವ ಮನೆಯಾದರೆ, ಡಬ್ಬಿ ಇಡಲು ಜಾಗ ಕಿರಿದಾದರೂ, ಒಳಮುಚ್ಚಳದ್ದೇ ತೆಗೆದುಕೊಳ್ಳಿ. ಇಂಡಕ್ಷನ್ ಒಲೆಯಿದ್ದರೆ ಬರೀ ಅಲ್ಯುಮಿನಿಯಂ ಬಿಸಿಯೇ ಆಗದು, ಸ್ಟೀಲ್ ತಳ ಕೂರಿಸಿದ್ದು ಬೇಕು. ಅಂಗಡಿಯಲ್ಲಿ ಐಎಸ್ಐ ಗುರುತಿನ ಮೇಲೆ ಐಎಸ್ 2347 ಎಂದು ಅಚ್ಚಾಗಿದೆಯೇ ನೋಡಿ, ಅದೇ ಮಾದರಿಯ ಗ್ಯಾಸ್ಕೆಟ್ ಮತ್ತು ಸೇಫ್ಟಿ ವಾಲ್ವ್ ಒಂದೊಂದು ಹೆಚ್ಚಿಗೆ ಆಗಲೇ ಕೊಂಡಿಟ್ಟುಕೊಳ್ಳಿ.