ಕೊಮೊಡೊ ಬೋಟ್ ಟ್ರಿಪ್ ಬುಕ್ ಮಾಡೋರು ದಯವಿಟ್ಟು ಓದಿ: ದುಡ್ಡು ಕೊಟ್ಟಿದ್ದು ಒಂದು ಹಡಗಿಗೆ, ಹತ್ತಿಸಿದ್ದು ಇನ್ನೊಂದಕ್ಕೆ

ಇದನ್ನು ಬರೆಯೋಕೆ ನಾಚಿಕೆಯಾಗುತ್ತದೆ. ವಾಪಸ್ ಬಂದು ಹದಿನೈದು ದಿನ ಯಾರಿಗೂ ಹೇಳಿರಲಿಲ್ಲ. ಆದರೆ ನಮಗೆ ಟ್ರಿಪ್ ಬುಕ್ ಮಾಡಿಕೊಟ್ಟ ಏಜೆಂಟ್ ನಿನ್ನೆ ಮತ್ತೆ, ನಾವು ದುಡ್ಡು ಕೊಟ್ಟಿದ್ದ ಅದೇ ಹಡಗಿನ ಫೋಟೊ ಸ್ಟೇಟಸ್‌ಗೆ ಹಾಕಿದ್ದಾನೆ, ‘ಎರಡೇ ಕ್ಯಾಬಿನ್ ಉಳಿದಿವೆ’ ಅಂತ. ಸುಮ್ಮನಿರೋಕೆ ಆಗಲಿಲ್ಲ.

ಅಪ್ಪನಿಗೆ ಅರವತ್ತಾಯ್ತು. ಶಾಂತಿ ಮುಗಿದ ಮೇಲೆ ಅಪ್ಪ ಅಮ್ಮನನ್ನು ಎಲ್ಲಾದರೂ ದೂರ ಕರೆದುಕೊಂಡು ಹೋಗಬೇಕು ಅಂತ ಆಸೆ. ಇಂಡೋನೇಷ್ಯಾದ ಕೊಮೊಡೊ ಉಡವನ್ನು, ಆ ದೈತ್ಯ ಹಲ್ಲಿಯನ್ನು, ಕಣ್ಣಾರೆ ನೋಡಬೇಕು ಅಂತ ಅಪ್ಪ ಎಷ್ಟೋ ವರ್ಷದಿಂದ ಹೇಳುತ್ತಿದ್ದರು. ಬಾಲಿಯಿಂದ ಒಂದು ಗಂಟೆ ವಿಮಾನದಲ್ಲಿ ಹೋದರೆ ಫ್ಲೋರೆಸ್ ದ್ವೀಪದ ಲಾಬುವಾನ್ ಬಾಜೋ. ಅಲ್ಲಿಂದ ಫಿನಿಸಿ ಹಡಗು ಹತ್ತಿ ಮೂರು ದಿನ, ಎರಡು ರಾತ್ರಿ ದ್ವೀಪಗಳ ನಡುವೆ. ಸುಲಾವೆಸಿಯ ಬಡಗಿಗಳು ಕಟ್ಟುವ ಮರದ ಹಡಗು ಅದು. ಆ ಕಸುಬು 2017ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಏಜೆಂಟ್ ತೋರಿಸಿದ ಹಡಗಿನಲ್ಲಿ ಐದೇ ಕ್ಯಾಬಿನ್. ದೊಡ್ಡ ಕಿಟಕಿ, ಹಗಲೂ ರಾತ್ರಿ ಎಸಿ, ಕ್ಯಾಬಿನ್ ಒಳಗೇ ಬಾತ್‌ರೂಮ್. ನಾಲ್ಕು ಜನಕ್ಕೆ 2 ಲಕ್ಷ 40 ಸಾವಿರ, ವಿಮಾನದ ಟಿಕೆಟ್ ಬಿಟ್ಟು.

ಏಜೆಂಟ್ ಬೆಂಗಳೂರಿನವನೇ. ಕನ್ನಡದವನು. ಅಲ್ಲೇ ನಾನು ಬಿದ್ದಿದ್ದು. ‘ಅಕ್ಕಾ, ನಮ್ಮ ಅಪ್ಪ ಅಮ್ಮನ್ನೇ ಕಳಿಸ್ತಿದೀನಿ ಅಂದ್ಕೊಳ್ಳಿ’ ಅಂದ. ಕಂಪನಿ ಖಾತೆಗೆ ಬೇಡ, ನನ್ನ ನಂಬರಿಗೇ ಹಾಕಿ, ಟಿಸಿಎಸ್ (ವಿದೇಶ ಪ್ರವಾಸದ ಪ್ಯಾಕೇಜ್ ಮೇಲೆ ಹಿಡಿಯುವ ತೆರಿಗೆ) ಉಳಿಯುತ್ತೆ ಅಂದ. ಹಾಕಿದೆ. ಪೂರ್ತಿ ದುಡ್ಡು. ಬಿಲ್ ಕೇಳಲಿಲ್ಲ.

ಬಂದರಿನಲ್ಲಿ ನಮ್ಮನ್ನು ಸಣ್ಣ ದೋಣಿಯಲ್ಲಿ ಕೂರಿಸಿಕೊಂಡು ಹೋದರು. ದೂರದಲ್ಲಿ ಸಾಲಾಗಿ ಫಿನಿಸಿಗಳು. ಅಮ್ಮ ‘ನಮ್ದು ಯಾವುದೇ?’ ಅಂತ ಕೇಳುತ್ತಲೇ ಇದ್ದರು. ದೋಣಿ ಎಲ್ಲವನ್ನೂ ದಾಟಿ ಒಂದು ಹಳೇ ಬೋಟ್ ಪಕ್ಕ ನಿಂತಿತು. ಹೆಸರೇ ಬೇರೆ. ನಮಗೆ ಕೊಟ್ಟ ಕ್ಯಾಬಿನ್ ಕೆಳಗೆ, ಎಂಜಿನ್ ಪಕ್ಕ. ಕಿಟಕಿ ಇಲ್ಲ. ಎಸಿ ರಾತ್ರಿ ಮಾತ್ರ. ಬಾತ್‌ರೂಮ್ ಹನ್ನೆರಡು ಜನಕ್ಕೆ ಒಂದು.

ಅಲ್ಲಿಂದಲೇ ಫೋನ್ ಮಾಡಿದೆ. ‘ಅಕ್ಕಾ, ಆ ಹಡಗು ರಿಪೇರಿಗೆ ಹೋಗಿದೆ, ಡಾಕಿಂಗ್. ಇದೂ ಸೇಮ್ ಕೆಟಗರಿ. ಟೆನ್ಷನ್ ತಗೋಬೇಡಿ.’ ಸೇಮ್ ಕೆಟಗರಿ! ಇಷ್ಟು ದೂರ ಬಂದು, ವಯಸ್ಸಾದವರನ್ನು ಕಟ್ಟಿಕೊಂಡು, ಎಲ್ಲಿ ಅಂತ ವಾಪಸ್ ಹೋಗೋದು? ಹತ್ತಿದೆವು. ಪಾರ್ಕ್ ಟಿಕೆಟ್, ರೇಂಜರ್ ಶುಲ್ಕ ಎಲ್ಲ ಸೇರಿದೆ ಅಂದಿದ್ದ. ಅದನ್ನೂ ಬೋಟ್‌ನಲ್ಲಿ ನಗದಾಗಿ ತಗೊಂಡರು. ಸಸ್ಯಾಹಾರ ಅಂತ ಬರೆದು ಕೊಟ್ಟಿದ್ದೆ. ಅಡುಗೆಯವನಿಗೆ ಆ ವಿಷಯವೇ ಗೊತ್ತಿಲ್ಲ. ಪಾಪ, ಅನ್ನದ ಜೊತೆ ಸಾಂಬಾಲ್ ತಂದಿಟ್ಟ, ಅಲ್ಲಿನ ಮೆಣಸಿನಕಾಯಿ ಚಟ್ನಿ. ಅದರಲ್ಲಿ ಸಿಗಡಿ ಹಾಕಿರುತ್ತಾರೆ ಅಂತ ಅಮ್ಮನಿಗೆ ತಿಂದ ಮೇಲೆ ಗೊತ್ತಾಯ್ತು.

ರಾತ್ರಿ ಡೀಸೆಲ್ ವಾಸನೆಗೆ ಅಪ್ಪ ಮೇಲೆ ಬಂದು ಬ್ಯಾಗ್ ತಲೆದಿಂಬು ಮಾಡಿಕೊಂಡು ಡೆಕ್ ಮೇಲೆ ಮಲಗಿದರು. ‘ಹೋಗ್ಲಿ ಬಿಡಮ್ಮ, ಇಲ್ಲಿ ಗಾಳಿ ಚೆನ್ನಾಗಿದೆ’ ಅಂದರು. ಅವರು ಬೈದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ನಿಜವಾಗಿ ಮೋಸ ಗೊತ್ತಾಗಿದ್ದು ಮರುದಿನ. ಸೂರ್ಯ ಹುಟ್ಟೋ ಹೊತ್ತಿಗೆ ಪಡಾರ್ ದ್ವೀಪದ ಗುಡ್ಡ ಹತ್ತಿದೆವು. ಮೇಲಿಂದ ಮೂರು ಕಡೆ ಕಡಲತೀರ ಕಾಣುತ್ತದೆ. ಎಲ್ಲರೂ ಫೋಟೊ ತೆಗೆಯುತ್ತಿದ್ದರು. ಇಳಿದು ದೋಣಿ ಹತ್ತುವಾಗ ಪಕ್ಕದಲ್ಲೇ ಒಂದು ಹಡಗು ಲಂಗರು ಹಾಕಿತ್ತು. ಬಿಳಿ ಬಣ್ಣ, ದೊಡ್ಡ ಕಿಟಕಿಗಳು. ಹೆಸರು ಓದಿದೆ. ಮತ್ತೆ ಓದಿದೆ. ನಮ್ಮ ಹಡಗು! ರಿಪೇರಿಗೆ ಹೋಗಿದ್ದ ಹಡಗು. ಡೆಕ್ ಮೇಲೆ ಯಾರೋ ಕಾಫಿ ಕುಡಿಯುತ್ತಾ ಕೂತಿದ್ದರು. ನನ್ನ ಕೈ ನಡುಗುತ್ತಿತ್ತು. ಅಪ್ಪನೂ ನೋಡಿದರು. ಏನೂ ಹೇಳಲಿಲ್ಲ.

ನೆಟ್‌ವರ್ಕ್ ಸಿಕ್ಕ ಕೂಡಲೇ ಫೋಟೊ ಕಳಿಸಿದೆ. ಬಂದ ಉತ್ತರ: ‘ಅದೇ ಹೆಸರಿನ ಬೇರೆ ಬೋಟ್ ಇರ್ಬೇಕು ಅಕ್ಕಾ.’

ನಮ್ಮ ಬೋಟ್‌ನ ಹುಡುಗನಿಗೆ ವಿಷಯ ಹೇಳಿದಾಗ ಅವನು ತನ್ನ ಫೋನಿನಲ್ಲಿ ಪಟ್ಟಿ ತೋರಿಸಿದ. ನಮ್ಮ ಹೆಸರಿನ ಮುಂದೆ ‘ಓಪನ್ ಟ್ರಿಪ್’. ಅಂದರೆ ಯಾರ್ಯಾರನ್ನೋ ಸೇರಿಸಿ ಹೋಗುವ ಕಡಿಮೆ ರೇಟಿನ ಟ್ರಿಪ್. ಬುಕ್ ಆಗಿದ್ದು ಎರಡು ದಿನ ಮುಂಚೆ. ಆ ದೊಡ್ಡ ಹಡಗಿನಲ್ಲಿ ಅವನು ನಮಗೆ ಜಾಗ ಹಿಡಿದೇ ಇರಲಿಲ್ಲ. ಬೋಟ್‌ನವರದ್ದು ಏನೂ ತಪ್ಪಿಲ್ಲ, ಒಳ್ಳೆಯ ಹುಡುಗರು. ಉಡ ನೋಡುವಾಗ ಅಪ್ಪನ ಕೈ ಹಿಡಿದುಕೊಂಡೇ ನಡೆಸಿದರು.

ಊರಿಗೆ ಬಂದು ಕೇಳಿದರೆ ಅವನ ಮಾತು ನೋಡಿ: ‘ನೀವು ಹತ್ತಿದ್ರಲ್ಲಾ ಅಕ್ಕಾ. ಹತ್ತಿದ್ರೆ ಒಪ್ಪಿಕೊಂಡ ಹಾಗೆ.’ ಆಮೇಲೆ ಪಿಡಿಎಫ್ ಕಳಿಸಿದ. ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ಅಥವಾ ಅದೇ ಮಟ್ಟದ ಬೋಟ್’. ಹತ್ತಿದ್ರಲ್ಲಾ ಅಂತೆ!

ಹೋಗೋರು ಹಡಗಿನ ಹೆಸರು, ಕ್ಯಾಬಿನ್ ನಂಬರ್ ಬರೆಸಿಕೊಳ್ಳಿ. ‘ಅಥವಾ ಅದೇ ಮಟ್ಟದ’ ಅಂತ ಇದ್ದರೆ ಅದನ್ನು ಹೊಡೆದು ಹಾಕಿಸಿ. ಹಡಗಿನವರಿಗೇ ನೇರ ಮೆಸೇಜ್ ಮಾಡಿ ನಿಮ್ಮ ಹೆಸರಿದೆಯಾ ಕೇಳಿ. ಸ್ವಂತ ನಂಬರಿಗೆ ದುಡ್ಡು ಹಾಕಿ ಅಂದರೆ ಅಲ್ಲೇ ಬಿಟ್ಟುಬಿಡಿ, ಎಷ್ಟೇ ಅಕ್ಕಾ ಅಕ್ಕಾ ಅಂದರೂ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಬಿಲ್ ಇಲ್ಲ, ಚಾಟ್ ಮತ್ತು ಪೇಮೆಂಟ್ ಸ್ಕ್ರೀನ್‌ಶಾಟ್ ಅಷ್ಟೇ ಇದೆ. ಇವತ್ತು ಬೆಳಿಗ್ಗೆ ಅವನು ನನ್ನ ನಂಬರ್ ಬ್ಲಾಕ್ ಮಾಡಿದ್ದಾನೆ.