ಅಂಗಾಲಿನ ಕಮಾನಿಗೆ ಆಸರೆ ಕೊಡುವ ಇನ್‌ಸೋಲ್: ಎರಡನೆಯ ಮಳೆಗಾಲದಲ್ಲಿ ನನ್ನ ಅಭಿಪ್ರಾಯ

ಚಪ್ಪಟೆ ಪಾದದವರಿಗೆಂದು ಮಾರುವ, ಶೂ ಒಳಗೆ ಅಂಗಾಲಿನ ಕೆಳಗೆ ಹಾಕಿಕೊಳ್ಳುವ ಈ ಇನ್‌ಸೋಲ್‌ಗಳನ್ನು ನಾನು 22 ತಿಂಗಳಿನಿಂದ ಬಳಸುತ್ತಿದ್ದೇನೆ. ಹೊಸನಗರ ತಾಲ್ಲೂಕಿನ ಹಳ್ಳಿಗಳಲ್ಲಿ ಅಂಚೆ ಬಟವಾಡೆ ಮಾಡುವುದು ನನ್ನ ಕೆಲಸ. ನಮ್ಮ ಕಡೆ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗುಡ್ಡವೋ ಅಡಿಕೆ ತೋಟವೋ ಇರುವುದರಿಂದ, ರಸ್ತೆ ಇರುವಷ್ಟು ದೂರ ಬೈಕಿನಲ್ಲಿ ಹೋದರೂ ದಿನಕ್ಕೆ ಐದಾರು ಕಿಲೋಮೀಟರ್ ಕಾಲುನಡಿಗೆ ತಪ್ಪಿದ್ದಲ್ಲ. ದೀಪಾವಳಿಯ ಹೊತ್ತಿಗೆ ಶಿವಮೊಗ್ಗದ ಅಂಗಡಿಯೊಂದರಲ್ಲಿ ಜೋಡಿಗೆ 2,400 ರೂಪಾಯಿ ಕೊಟ್ಟು ಇವನ್ನು ತಂದೆ. ನನ್ನ ಸಂಬಳಕ್ಕೆ ಅದು ಸಣ್ಣ ಮೊತ್ತವಲ್ಲ. ಅದಕ್ಕಾಗಿಯೇ ಇಷ್ಟು ದಿನ ಬಳಸಿ ನೋಡಿ ಬರೆಯುತ್ತಿದ್ದೇನೆ. ಪೆಟ್ಟಿಗೆಯ ಮೇಲಿರುವ ವಿವರಗಳನ್ನು ಎಲ್ಲರೂ ನೋಡಿರುತ್ತಾರೆ.

ನೋವು ಶುರುವಾದದ್ದು ಬಲಗಾಲಿನಲ್ಲಿ, ಪಾದದ ಗಂಟಿನ ಒಳಬದಿಯ ಉಬ್ಬಿದ ಮೂಳೆಯ ಹಿಂದೆ. ಮಧ್ಯಾಹ್ನದ ಹೊತ್ತಿಗೆ ಅದು ಅಂಗಾಲಿನವರೆಗೂ ಇಳಿಯುತ್ತಿತ್ತು. ಹಳೆಯ ಶೂಗಳನ್ನು ತಿರುಗಿಸಿ ನೋಡಿದರೆ ಅಟ್ಟೆ ಒಳಬದಿಯಲ್ಲೇ ಸವೆದಿತ್ತು. ಶಿವಮೊಗ್ಗದಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಒಂದೇ ಕಾಲಿನ ಮೇಲೆ ನಿಂತು ಹಿಮ್ಮಡಿ ಎತ್ತಲು ಹೇಳಿದರು. ಎಡಗಾಲಿನಲ್ಲಿ 11 ಸಲ ಎತ್ತಿದೆ. ಬಲಗಾಲು ಮೂರನೆಯದಕ್ಕೇ ನಿಂತುಹೋಯಿತು. “ಸರ್, ನಿಮ್ಮ ಪಾದ ಚಪ್ಪಟೆ ಇರುವುದು ನಿಜ. ಆದರೆ ತುದಿಗಾಲಲ್ಲಿ ನಿಂತಾಗ ಕಮಾನು ಚೆನ್ನಾಗಿ ಮೂಡುತ್ತದೆ. ಸೋತಿರುವುದು ಮೂಳೆಯಲ್ಲ, ಸ್ನಾಯು,” ಎಂದರು. ಆ ಸ್ನಾಯುವಿನ ಹೆಸರು ಟಿಬಿಯಾಲಿಸ್ ಪೋಸ್ಟೀರಿಯರ್. ಮೀನಖಂಡದ ಆಳದಲ್ಲಿ, ಎರಡು ಮೂಳೆಗಳ ಹಿಂದೆ ಹುಟ್ಟುವ ಅದು ಗಂಟಿನ ಒಳಬದಿಯನ್ನು ಬಳಸಿಕೊಂಡು ಬಂದು ಪಾದದ ನಡುಭಾಗದ ಮೂಳೆಗಳಿಗೆ ತಳದಿಂದ ಅಂಟಿಕೊಂಡು, ನಡೆಯುವಾಗ ಕಮಾನು ಕುಸಿಯದಂತೆ ಹಿಡಿದಿಡುತ್ತದೆ. ಅದು ದಣಿದಾಗ ಪಾದ ಒಳಕ್ಕೆ ವಾಲುತ್ತದೆ. ಪಾದ ವಾಲಿದಷ್ಟೂ ಅದಕ್ಕೆ ಇನ್ನಷ್ಟು ಎಳೆತ ಬೀಳುತ್ತದೆ. ಇನ್‌ಸೋಲ್ ಆ ಎಳೆತವನ್ನು ಕಡಿಮೆ ಮಾಡುತ್ತದೆ, ವ್ಯಾಯಾಮವನ್ನು ಮಾತ್ರ ನೀವೇ ಮಾಡಬೇಕು ಎಂದು ಅವರು ಎರಡೆರಡು ಸಲ ಹೇಳಿದ್ದರು. ಎರಡನೆಯ ಮಾತನ್ನು ನಾನು ಆಗ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ವಾರ ಕಷ್ಟವಾಯಿತು. ಅಂಗಡಿಯವರು ಮೊದಲ ದಿನದಿಂದಲೇ ಬೆಳಿಗ್ಗೆಯಿಂದ ಸಂಜೆಯವರೆಗೆ ಹಾಕಿಕೊಳ್ಳಿ ಎಂದಿದ್ದರು. ಅದು ತಪ್ಪು ಸಲಹೆ. ಅಂಗಾಲಿನ ಕೆಳಗೆ ಕಲ್ಲಿಟ್ಟಂತೆ ಒತ್ತಿ, ರಾತ್ರಿಯೆಲ್ಲ ಮೀನಖಂಡ ಸೆಳೆಯಿತು. ದಿನಕ್ಕೆ ಒಂದು ಗಂಟೆಯಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಿದ ಮೇಲೆ ಕಾಲು ಹೊಂದಿಕೊಂಡಿತು. ಇನ್ನೊಂದು ಮಾತು: ಶೂ ಜೊತೆಗೆ ಬಂದ ಒಳಪದರವನ್ನು ತೆಗೆದೇ ಇದನ್ನು ಹಾಕಬೇಕು, ಇಲ್ಲದಿದ್ದರೆ ಹಿಮ್ಮಡಿ ಮೇಲೆದ್ದು ಇಳಿಜಾರಿನಲ್ಲಿ ಶೂ ಕಳಚಿಕೊಳ್ಳುತ್ತದೆ. ಒಂದು ತಿಂಗಳ ಹೊತ್ತಿಗೆ ಮಧ್ಯಾಹ್ನದ ನೋವು ಅರ್ಧಕ್ಕಿಳಿಯಿತು, ಶಿವರಾತ್ರಿಯ ವೇಳೆಗೆ ಅದರ ನೆನಪೇ ಇರುತ್ತಿರಲಿಲ್ಲ. ಆಗಲೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಅಂಕ ಕೊಟ್ಟುಬಿಡುತ್ತಿದ್ದೆ.

ಜೂನ್ ಬಂತು. ಮಲೆನಾಡಿನ ಮಳೆಯಲ್ಲಿ ಶೂ ಎಂಬುದು ನೀರು ತುಂಬಿಕೊಳ್ಳುವ ಪಾತ್ರೆ. ಗಂಬೂಟಿನೊಳಗೆ ಹಾಕಿದರೂ, ಹಳ್ಳ ದಾಟುವಾಗ ನೀರು ಮೇಲಿನಿಂದ ನುಗ್ಗುತ್ತದೆ; ಇಂಬಳ ನೋಡಲೆಂದು ಬೂಟು ಕಳಚಿದರೆ ಸಾಕು, ಒಳಗಿನ ಇನ್‌ಸೋಲ್ ಕೂಡ ನೆನೆಯುತ್ತದೆ. ಈ ಇನ್‌ಸೋಲ್‌ನ ಮೇಲ್ಪದರದ ಬಟ್ಟೆ ಒಮ್ಮೆ ನೀರು ಕುಡಿದರೆ ಎರಡು ದಿನವಾದರೂ ಒಣಗುವುದಿಲ್ಲ. ಬಚ್ಚಲ ಒಲೆಯ ಮೇಲಿನ ತಂತಿಗೆ ಸಾಕ್ಸುಗಳ ಪಕ್ಕದಲ್ಲಿ ನೇತುಹಾಕಿದೆ. ಬೆಳಿಗ್ಗೆ ಮುಟ್ಟಿ ನೋಡಿದರೆ ಮೇಲೆ ಬೆಚ್ಚಗೆ, ಒಳಗೆ ತಣ್ಣಗೆ; ಹೆಬ್ಬೆರಳಿನಿಂದ ಒತ್ತಿದರೆ ಅಂಚಿನಲ್ಲಿ ನೀರು ಜಿನುಗುತ್ತಿತ್ತು. ಮೂರನೆಯ ವಾರಕ್ಕೆ ಕಾವಿಗೆ ಅಂಟು ಬಿಟ್ಟು ಬಟ್ಟೆ ಹಿಮ್ಮಡಿಯ ಕಡೆಯಿಂದ ಎದ್ದಿತು, ಕೆಳಗೆ ಬೂಷ್ಟು ಹಿಡಿದಿತ್ತು. ಅಂಗಡಿಗೆ ಒಯ್ದು ತೋರಿಸಿದರೆ, ನೀರು ತಾಗಿದ ಸರಕಿಗೆ ಬದಲಿ ಕೊಡುವುದಿಲ್ಲ ಎಂದರು. ವರ್ಷದಲ್ಲಿ ನಾಲ್ಕು ತಿಂಗಳು ನೀರಿನಲ್ಲೇ ಬದುಕುವ ಜಿಲ್ಲೆಯಲ್ಲಿ, ಹೊರಗೆ ನಡೆಯುವವರಿಗೆಂದೇ ಮಾರುವ ವಸ್ತುವಿಗೆ ಈ ಉತ್ತರ ಸಲ್ಲದು. ಆ ಬೇಸರ ನನಗೆ ಇವತ್ತಿಗೂ ಹೋಗಿಲ್ಲ.

ಇನ್‌ಸೋಲ್ ಇಲ್ಲದೆ ನಡೆಯುವುದು ಅನಿವಾರ್ಯವಾದಾಗ ನೋವು ಹತ್ತೇ ದಿನಕ್ಕೆ ಮರಳಿತು. ಆಗ ಫಿಸಿಯೋಥೆರಪಿಸ್ಟ್ ಹೇಳಿದ್ದ ಆ ಎರಡನೆಯ ಮಾತು ನೆನಪಾಯಿತು. ಬೆಳಿಗ್ಗೆ ಹಂಡೆಯ ನೀರು ಕಾಯುವಷ್ಟು ಹೊತ್ತು ವ್ಯಾಯಾಮ ಎಂದು ನಿಶ್ಚಯಿಸಿಕೊಂಡೆ. ಜಗಲಿಯ ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲು ಊರಿ, ಕಂಬವನ್ನು ಎರಡು ಬೆರಳಿನಿಂದ ಹಿಡಿದು, ಎರಡೂ ಹಿಮ್ಮಡಿಗಳನ್ನು ಎತ್ತಿ, ಆಮೇಲೆ ಬಲಗಾಲೊಂದರ ಮೇಲೆಯೇ ಭಾರ ಬಿಟ್ಟು ನಿಧಾನವಾಗಿ ಇಳಿಸುತ್ತೇನೆ. ಇಳಿಸುವಾಗ ಅವಸರ ಮಾಡಬಾರದು. ನಂತರ ಗೋಡೆಗೆ ಕೈಕೊಟ್ಟು ಮೀನಖಂಡವನ್ನು ಹಿಗ್ಗಿಸುವುದು: ಒಮ್ಮೆ ಮಂಡಿ ನೆಟ್ಟಗಿಟ್ಟು, ಒಮ್ಮೆ ಮಂಡಿ ಮಡಿಸಿ. ಮೀನಖಂಡದ ಮೇಲಿನ ಸ್ನಾಯು ಮಂಡಿಯನ್ನೂ ದಾಟಿ ಹೋಗುವುದರಿಂದ, ಅದರ ಕೆಳಗಿರುವ ಸೋಲಿಯಸ್ ದಾಟದೆ ಇರುವುದರಿಂದ ಎರಡು ಬಗೆಯೂ ಬೇಕು. ಕೊನೆಗೆ, ಬೆರಳುಗಳನ್ನು ಮಡಚದೆ ಹೆಬ್ಬೆರಳಿನ ಬುಡವನ್ನು ಹಿಮ್ಮಡಿಯತ್ತ ಎಳೆದುಕೊಂಡು ಕಮಾನನ್ನು ಎತ್ತುವುದು. ಮೊದಲ ಹದಿನೈದು ದಿನ ಇದು ನನಗೆ ಬರಲೇ ಇಲ್ಲ. ಬಂದ ದಿನ ಹೆಂಡತಿಯನ್ನು ಕರೆದು ತೋರಿಸಿದ್ದೆ.

ಈ ಅಭ್ಯಾಸದಿಂದ ನಡಿಗೆಯ ಮೇಲೆ ಗಮನ ಹುಟ್ಟಿತು. ಗುಡ್ಡ ಇಳಿಯುವಾಗ ಹಿಮ್ಮಡಿ ಊರಿದೊಡನೆ ಪಾದ ಪಟ್ಟನೆ ಬಡಿಯದಂತೆ ತಡೆದು ಇಳಿಸುವುದು ಮಂಡಿಯಿಂದ ಕೆಳಗೆ ಕಾಲಿನ ಮುಂಭಾಗದಲ್ಲಿರುವ ಸ್ನಾಯು. ಹೆಚ್ಚು ಇಳಿದ ದಿನ ಅಲ್ಲೇ ಉರಿಯುವುದು ಅದಕ್ಕೇ. ಹತ್ತುವಾಗ ಮೊಳಕಾಲು ಪಾದದ ಮೇಲಿಂದ ಮುಂದಕ್ಕೆ ಬಾಗಬೇಕು, ಮೀನಖಂಡ ಬಿಗಿಯಾಗಿದ್ದರೆ ಆ ಬಾಗುವಿಕೆಯನ್ನು ಪಾದದ ನಡುಭಾಗ ಕುಸಿದು ಕೊಡಬೇಕಾಗುತ್ತದೆ. ವರ್ಷಗಟ್ಟಲೆ ನನ್ನ ಕಮಾನನ್ನು ಕೆಳಕ್ಕೆ ತಳ್ಳಿದ್ದರಲ್ಲಿ ನನ್ನ ಬಿಗಿಯಾದ ಮೀನಖಂಡದ ಪಾಲೂ ಇತ್ತೆಂಬುದು ನನಗೆ ತಿಳಿದದ್ದು ಹೀಗೆ. ಹೆಜ್ಜೆಯ ಕೊನೆಯಲ್ಲಿ ಹೆಬ್ಬೆರಳು ಮೇಲಕ್ಕೆ ಬಾಗಿದಾಗ ಅಂಗಾಲಿನ ದಪ್ಪ ಪಟ್ಟಿ ಬಿಗಿದು, ಕಮಾನು ಎದ್ದು, ಪಾದ ಗಟ್ಟಿಯಾಗಿ ನೆಲವನ್ನು ತಳ್ಳುತ್ತದೆ. ಒದ್ದೆ ಜಂಬಿಟ್ಟಿಗೆಯ ದಾರಿಯಲ್ಲಿ ಆ ತಳ್ಳುವಿಕೆ ಈಗ ನನಗೆ ಸ್ಪಷ್ಟವಾಗಿ ತಿಳಿಯುತ್ತದೆ.

ಮೂರು ತಿಂಗಳಿಗೆ ಬಲಗಾಲಿನಲ್ಲಿ 15 ಸಲ ಹಿಮ್ಮಡಿ ಎತ್ತಿದೆ. ಈಗ 22. ಈ ಮಳೆಗಾಲದಲ್ಲಿ ಇನ್‌ಸೋಲ್ ಇಲ್ಲದೆ ಇಡೀ ಜುಲೈ ಕಳೆದಿದ್ದೇನೆ. ಹೊರೆ ಹೆಚ್ಚಿದ್ದ ಎರಡು ದಿನ ಬಿಟ್ಟರೆ ನೋವು ಬರಲಿಲ್ಲ.

ಹಾಗೆಂದು 2,400 ರೂಪಾಯಿ ವ್ಯರ್ಥವಾಯಿತೆಂದು ಹೇಳಲಾರೆ. ನೋವಿನ ಆ ಮೊದಲ ದಿನಗಳಲ್ಲಿ ಇನ್‌ಸೋಲ್ ಇಲ್ಲದೆ ಮೂರು ಸಲಕ್ಕಿಂತ ಹೆಚ್ಚು ಹಿಮ್ಮಡಿ ಎತ್ತುವ ಧೈರ್ಯ ನನಗೆ ಬರುತ್ತಿರಲಿಲ್ಲ, ಕೆಲಸಕ್ಕೆ ರಜೆ ಹಾಕಬೇಕಾಗುತ್ತಿತ್ತು. ಒಣನೆಲದಲ್ಲಿ, ಕಚೇರಿಯಲ್ಲಿ, ತರಗತಿಯಲ್ಲಿ ನಿಲ್ಲುವವರು ಧಾರಾಳವಾಗಿ ಕೊಳ್ಳಬಹುದು. ತೋಟ, ಗದ್ದೆ, ಗುಡ್ಡ ಓಡಾಡುವವರು ಬಟ್ಟೆಯ ಹೊದಿಕೆ ಇಲ್ಲದ, ನೀರು ಹೀರದ ಫೋಮಿನದ್ದನ್ನೇ ಕೇಳಿ ಪಡೆಯಿರಿ. ಕಮಾನು ಇತ್ತೀಚೆಗೆ ಬೇಗನೆ ಕುಸಿಯುತ್ತಿದೆ ಎನಿಸಿದವರು, ಒಂದು ಸಲವೂ ಹಿಮ್ಮಡಿ ಎತ್ತಲಾಗದವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಮೊದಲು ವೈದ್ಯರಿಗೆ ತೋರಿಸಿ, ಆಮೇಲೆ ಅಂಗಡಿಗೆ ಹೋಗಿ.

ನನ್ನ ಹಳೆಯ ಜೋಡಿಯ ಬಟ್ಟೆಯನ್ನು ಪೂರ್ತಿ ಕಿತ್ತುಹಾಕಿ, ಶಿವಮೊಗ್ಗದಲ್ಲಿ ಚಪ್ಪಲಿ ಹೊಲಿಯುವವರೊಬ್ಬರಿಂದ ತೆಳುವಾದ ರಬ್ಬರ್ ಹಾಳೆ ಅಂಟಿಸಿಕೊಂಡು ಬಂದಿದ್ದೇನೆ. ಅವರು ತೆಗೆದುಕೊಂಡದ್ದು 120 ರೂಪಾಯಿ. ಮೊನ್ನೆ ಬಚ್ಚಲಿನಿಂದ ಒದ್ದೆ ಕಾಲಿನಲ್ಲಿ ಬಂದು ಜಗಲಿಯ ಕೆಂಪು ನೆಲದ ಮೇಲೆ ಹೆಜ್ಜೆ ಮೂಡಿಸಿ ನೋಡಿದೆ. ಗುರುತು ಮೊದಲಿನಂತೆಯೇ ಪೂರ್ತಿ ಅಂಗಾಲಿನದು, ಒಳಬದಿಯಲ್ಲಿ ಸ್ವಲ್ಪವೂ ಖಾಲಿ ಜಾಗವಿಲ್ಲ. ಅದೇ ಪಾದದಲ್ಲಿ ಆ ದಿನ ಆರು ಕಿಲೋಮೀಟರ್ ನಡೆದು, ನೋವಿಲ್ಲದೆ ಮನೆಗೆ ಬಂದಿದ್ದೆ.